ವಿಮಾನ ಹತ್ತುವವರು ಯಾವ ಪವರ್ ಬ್ಯಾಂಕ್ ಕೊಳ್ಳಬೇಕು?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿ ಮುಂದೆ ನಿಂತರೂ ಪವರ್ ಬ್ಯಾಂಕಿನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಒಂದೇ ಅಂಕಿ. 10,000, 20,000, 30,000. ಜನ ಅದನ್ನೇ ನೋಡಿ ಕೊಳ್ಳುತ್ತಾರೆ, ಅಂಗಡಿಯವರು ಅದನ್ನೇ ತೋರಿಸಿ ಮಾರುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಮುಂದೆ ಕೂತ ಸಿಐಎಸ್‌ಎಫ್ ಸಿಬ್ಬಂದಿಗೆ ಅನುಮಾನ ಬಂದರೆ ಅವರು ಮೊದಲು ಮಾಡುವ ಕೆಲಸ ಪವರ್ ಬ್ಯಾಂಕನ್ನು ತಿರುವಿ ಹಿಂಬದಿ ನೋಡುವುದು. ಅಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರಬೇಕು. ಅದು ಓದಲು ಸಿಕ್ಕಿದರೆ ಪವರ್ ಬ್ಯಾಂಕ್ ನಿಮ್ಮ ಜೊತೆ ಬರುತ್ತದೆ. ಸಿಗದಿದ್ದರೆ ಎರಡು ಸಾವಿರ ರೂಪಾಯಿಯ ಸಾಮಾನು ಅಲ್ಲೇ ಡಬ್ಬದ ಪಾಲಾಗಬಹುದು, ಆಗ ವಾದ ಮಾಡಿ ಪ್ರಯೋಜನವಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ವರ್ಷಕ್ಕೆ ಎರಡು ಸಲವಾದರೂ ವಿಮಾನ ಹತ್ತುವವರು 10,000 ಎಂಎಎಚ್‌ನ (ಡಬ್ಬಿ ಮೇಲಿನ ದಪ್ಪ ಅಂಕಿ ಇದೇ), ಹಿಂಬದಿಯಲ್ಲಿ ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿ) ಅಚ್ಚಾಗಿರುವ, ಬಿಐಎಸ್ ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಸಂಖ್ಯೆ ಇರುವ ಪವರ್ ಬ್ಯಾಂಕ್ ಕೊಳ್ಳಿ. ಲ್ಯಾಪ್‌ಟಾಪ್ ಕೂಡ ಚಾರ್ಜ್ ಮಾಡಬೇಕು ಅನ್ನುವವರಿಗೆ 20,000 ಸಾಕು. ಅದಕ್ಕಿಂತ ದೊಡ್ಡದು ಮನೆಯಲ್ಲಿ ಕರೆಂಟ್ ಹೋದಾಗ ಉಪಯೋಗಕ್ಕೆ ಬಂದೀತು, ಪ್ರಯಾಣಕ್ಕೆ ಬೇಡ. ಹೀಗೆ ಹೇಳಲು ಕಾರಣ ನಿಯಮದಲ್ಲಿದೆ, ಆ ನಿಯಮಕ್ಕೆ ಕಾರಣ ಬ್ಯಾಟರಿಯ ಒಳಗಿದೆ.

ಹಿಂಬದಿ ಓದುವ ಬಗೆ

10,000 ಎಂಎಎಚ್‌ನ ಒಂದು ಒಳ್ಳೆಯ ಪವರ್ ಬ್ಯಾಂಕ್ ಕೈಗೆತ್ತಿಕೊಂಡು ತಿರುವಿ. ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಅಕ್ಷರ ಇರುವುದರಿಂದ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಲುಗಳು ಎದ್ದು ಬರುತ್ತವೆ. ಮಾಡೆಲ್ ಸಂಖ್ಯೆಯ ಆಸುಪಾಸಿನಲ್ಲಿ ಬ್ಯಾಟರಿ ಕೆಪಾಸಿಟಿ ಇರುತ್ತದೆ: 10,000 ಎಂಎಎಚ್, 3.7 ವೋಲ್ಟ್, 37 ವ್ಯಾಟ್-ಅವರ್. ಇದೇ ಆ ಸಾಲು. ಅಲ್ಲೇ ಇನ್ನೊಂದು ಅಂಕಿ, ರೇಟೆಡ್ ಕೆಪಾಸಿಟಿ ಅಂತ, ಆರು ಸಾವಿರದ ಹತ್ತಿರ ಹತ್ತಿರ ಇರುತ್ತದೆ, 5 ವೋಲ್ಟಿನ ಲೆಕ್ಕದಲ್ಲಿ. ಆಮೇಲೆ ಇನ್‌ಪುಟ್, ಔಟ್‌ಪುಟ್ ವಿವರ. ಇನ್ನೊಂದು ಮೂಲೆಯಲ್ಲಿ ಬಿಐಎಸ್ ಗುರುತು. ಗುರುತಿನ ಮೇಲ್ಗಡೆ ಐಎಸ್ ಅಂತ ಶುರುವಾಗುವ ಮಾನಕ ಸಂಖ್ಯೆ, ಕೆಳಗಡೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ.

ಆರು ಸಾವಿರ ಅಂತ ಬರೆದಿರುವುದನ್ನು ನೋಡಿ ಮೋಸ ಹೋದೆವು ಅಂದುಕೊಳ್ಳುವವರು ಬಹಳ. ಅದು ಮೋಸವಲ್ಲ. ಒಳಗಿನ ಸೆಲ್ 3.7 ವೋಲ್ಟಿನದು, ಹೊರಗೆ ಕೊಡುವುದು 5 ವೋಲ್ಟ್. ವೋಲ್ಟ್ ಏರಿಸಿದಾಗ ಎಂಎಎಚ್ ಇಳಿಯುತ್ತದೆ, ಜೊತೆಗೆ ಸರ್ಕ್ಯೂಟ್ ಬಿಸಿಯಾಗಿ ಸ್ವಲ್ಪ ಶಕ್ತಿ ಸೋರುತ್ತದೆ. ಎರಡೂ ಅಂಕಿಯನ್ನು ಅಚ್ಚು ಹಾಕಿದ ಕಂಪನಿಯನ್ನೇ ಹೆಚ್ಚು ನಂಬಬಹುದು.

ವಿಮಾನದ ಲೆಕ್ಕ ನಡೆಯುವುದು ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ಅದು ಸಿಗುತ್ತದೆ. 10,000ಕ್ಕೆ 37, 20,000ಕ್ಕೆ 74, 27,000ಕ್ಕೆ 99.9, 30,000ಕ್ಕೆ 111. ಇಲ್ಲಿ ಆಗುವ ಮಾಮೂಲಿ ತಪ್ಪು 5 ವೋಲ್ಟಿನಿಂದ ಗುಣಿಸುವುದು. ಹಾಗೆ ಮಾಡಿದರೆ 20,000ದ ಪವರ್ ಬ್ಯಾಂಕ್ 100 ಆಗಿಬಿಡುತ್ತದೆ, ಬಿಡುವುದೇ ಇಲ್ಲವೇನೋ ಅಂತ ಗಾಬರಿಯಾಗುತ್ತದೆ. ಗುಣಿಸಬೇಕಾದದ್ದು ಸೆಲ್ಲಿನ ವೋಲ್ಟಿನಿಂದ. ಹೊಸ ಮಾಡೆಲ್‌ಗಳಲ್ಲಿ ಅದು 3.85 ಕೂಡ ಇರುತ್ತದೆ, ಆದ್ದರಿಂದ ಅಚ್ಚಾಗಿರುವ ವೋಲ್ಟನ್ನೇ ತೆಗೆದುಕೊಳ್ಳಿ.

100 ವ್ಯಾಟ್-ಅವರ್‌ವರೆಗೆ ಏರ್‌ಲೈನ್ ಅನುಮತಿ ಬೇಕಿಲ್ಲ. 100 ದಾಟಿ 160ರವರೆಗೆ ಇದ್ದರೆ ಏರ್‌ಲೈನಿನಿಂದ ಮೊದಲೇ ಒಪ್ಪಿಗೆ ಪಡೆಯಬೇಕು, ಅದೂ ಹೆಚ್ಚೆಂದರೆ ಎರಡು ಬಿಡಿ ಬ್ಯಾಟರಿಗೆ (ಪವರ್ ಬ್ಯಾಂಕನ್ನೂ ಬಿಡಿ ಬ್ಯಾಟರಿ ಅಂತಲೇ ಲೆಕ್ಕ ಹಿಡಿಯುತ್ತಾರೆ). 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ಜಾಗವೇ ಇಲ್ಲ. ಬ್ಯಾಟರಿ ಚಾಲಿತ ಗಾಲಿಕುರ್ಚಿಗೆ ಮಾತ್ರ ಬೇರೆ ನಿಯಮ ಇದೆ, ಅದನ್ನು ಟಿಕೆಟ್ ಮಾಡುವಾಗಲೇ ಏರ್‌ಲೈನಿಗೆ ತಿಳಿಸಿ ಮಾತಾಡಿಕೊಳ್ಳಬೇಕು.

ಅಳತೆವಾರು ನಮ್ಮ ಮತ

10,000 ಎಂಎಎಚ್. ತೂಕ 200ರಿಂದ 250 ಗ್ರಾಂ, ಜೇಬಿನಲ್ಲಿ ಕೂರುತ್ತದೆ. 5,000 ಎಂಎಎಚ್ ಬ್ಯಾಟರಿಯ ಫೋನಿಗೆ ಸುಮಾರು 19 ವ್ಯಾಟ್-ಅವರ್ ಬೇಕು; 37ರಲ್ಲಿ ಸೋರಿಕೆ ಕಳೆದು 30 ಕೈಗೆ ಬಂದರೂ ಫೋನ್ ಒಂದೂವರೆ ಸಲ ತುಂಬುತ್ತದೆ. ಬೆಂಗಳೂರಿನಿಂದ ದಿಲ್ಲಿಗೋ ಗುವಾಹಟಿಗೋ ಹೋಗಿ ಹೋಟೆಲ್ ಸೇರುವ ತನಕ ಇಷ್ಟು ಧಾರಾಳ. ಮಿತಿಗಿಂತ ಎಷ್ಟೋ ಕೆಳಗಿರುವುದರಿಂದ ಯಾವ ದೇಶದಲ್ಲೂ ಅಳತೆಯ ತಕರಾರು ಬರುವುದಿಲ್ಲ. ಟೈಪ್-ಸಿ ಒಂದರಲ್ಲೇ ಒಳಹರಿವು ಹೊರಹರಿವು ಎರಡೂ ಇದ್ದು, 20 ವ್ಯಾಟ್ ಮೇಲೆ ಕೊಡುವಂಥದ್ದನ್ನು ಆರಿಸಿ. ನಂಬಿಕೆಯ ಕಂಪನಿಯದು ಸಾವಿರ ಚಿಲ್ಲರೆ ರೂಪಾಯಿಯಿಂದ ಸಿಗುತ್ತದೆ.

20,000 ಎಂಎಎಚ್. 74 ವ್ಯಾಟ್-ಅವರ್. ಫೋನು ಮೂರು ಸಲ, ಇಲ್ಲವೇ 55-60 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಸರಿಸುಮಾರು ಒಂದು ಸಲ. ಲ್ಯಾಪ್‌ಟಾಪಿಗೆ ಬೇಕಾದರೆ 45 ಅಥವಾ 65 ವ್ಯಾಟ್ ಔಟ್‌ಪುಟ್ ಅಂತ ಅಚ್ಚಾಗಿದೆಯೇ ನೋಡಿ. 20,000 ಅಂದ ಮಾತ್ರಕ್ಕೆ ಲ್ಯಾಪ್‌ಟಾಪ್ ಎತ್ತುವುದಿಲ್ಲ. 400 ಗ್ರಾಂ ಆಸುಪಾಸು ತೂಗುತ್ತದೆ. ಏಳು ಕೆಜಿ ಕ್ಯಾಬಿನ್ ಮಿತಿಯಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಟುಂಬದವರೆಲ್ಲ ಹೋಗುವಾಗ ಒಂದು 20,000ದ ಬದಲು ಇಬ್ಬರ ಕೈಲಿ ಒಂದೊಂದು 10,000 ಇರುವುದು ಮೇಲು ಅನ್ನುವುದು ನಮ್ಮ ಅಭಿಪ್ರಾಯ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ.

27,000 ಎಂಎಎಚ್. ಇದನ್ನು 'ವಿಮಾನದಲ್ಲಿ ಒಯ್ಯಬಹುದಾದ ಅತಿ ದೊಡ್ಡ ಅಳತೆ' ಅಂತಲೇ ಮಾರುತ್ತಾರೆ. 3.7 ವೋಲ್ಟ್ ಲೆಕ್ಕದಲ್ಲಿ 99.9, ಕಾಗದದ ಮೇಲೆ ಸರಿ. ಆದರೆ ಅದೇ 27,000ವನ್ನು 3.85 ವೋಲ್ಟಿನ ಸೆಲ್‌ನಲ್ಲಿ ಮಾಡಿದರೆ 103.95 ಆಗಿ ಗೆರೆ ದಾಟುತ್ತದೆ. ಅಚ್ಚು ಸ್ಪಷ್ಟವಾಗಿದ್ದರೆ ದಾಟಿಸಬಹುದು, ಅಚ್ಚು ಮಾಸಿದರೆ ಅಂಚಿನಲ್ಲಿರುವ ಸಾಮಾನಿನ ಪರವಾಗಿ ಯಾರೂ ಮಾತಾಡುವುದಿಲ್ಲ. ಅರ್ಧ ಕೆಜಿ ಮೇಲೆ ಭಾರ ಬೇರೆ. ಮೂರು ದಿನ ಕರೆಂಟ್ ಸಿಗದ ಚಾರಣಕ್ಕೆ ಹೊರಟವರನ್ನು ಬಿಟ್ಟರೆ ಮಿಕ್ಕವರಿಗೆ ಶಿಫಾರಸು ಮಾಡುವುದಿಲ್ಲ.

30,000ದ್ದು 111 ವ್ಯಾಟ್-ಅವರ್. ಒಪ್ಪಿಗೆ ಪತ್ರ ಇಲ್ಲದೆ ಹೋಗಬೇಡಿ. 50,000 ಅಂದರೆ 185, ಯಾವ ಒಪ್ಪಿಗೆಯೂ ಸಿಗುವುದಿಲ್ಲ. ಎರಡನ್ನೂ ಇದೇ ಬೆಂಗಳೂರಿನ ಅಂಗಡಿಗಳಲ್ಲಿ 'ಟ್ರಾವೆಲ್‌ಗೆ ಬೆಸ್ಟ್' ಅಂತ ಕೊಡುತ್ತಾರೆ. ಕಾರು, ರೈಲು, ಬಸ್ಸಿಗೆ ಸರಿ. ಕೊಳ್ಳುವವರಿಗೆ ಇಷ್ಟನ್ನಾದರೂ ಅಂಗಡಿಯವರು ಹೇಳಬೇಕು.

ಫೋನಿನ ಬೆನ್ನಿಗೆ ಅಂಟುವ 5,000ದ ಮ್ಯಾಗ್ನೆಟಿಕ್ ಪವರ್ ಬ್ಯಾಂಕ್‌ಗಳು ಹಗುರ, ಚೆಂದ. ಆದರೆ ವೈರ್‌ಲೆಸ್ ಚಾರ್ಜಿಂಗಿನಲ್ಲಿ ಸೋರಿಕೆ ಹೆಚ್ಚು, ಬಿಸಿಯೂ ಹೆಚ್ಚು, ಫೋನು ಪೂರ್ತಿ ತುಂಬುವ ಮೊದಲೇ ಖಾಲಿಯಾಗುತ್ತವೆ. ತೆಳ್ಳಗಿನ ಮಾಡೆಲ್‌ಗಳಲ್ಲಿ ಅಚ್ಚು ಹಾಕಲು ಜಾಗ ಕಡಿಮೆ, ಅಕ್ಷರ ಭೂತಗನ್ನಡಿಯಲ್ಲಿ ಓದುವಷ್ಟು ಸಣ್ಣದಿರುತ್ತದೆ. ಕೊಳ್ಳುವಾಗಲೇ ಅಂಗಡಿಯ ಬೆಳಕಿನಲ್ಲಿ ಓದಿ ನೋಡಿ.

ಪ್ಲಾಸ್ಟಿಕ್ ಮೇಲಿನ ಅಚ್ಚು ಬೀಗದ ಕೈ, ನಾಣ್ಯದ ಜೊತೆ ಉಜ್ಜಿ ಒಂದೆರಡು ವರ್ಷಕ್ಕೆ ಅಳಿಸಿಹೋಗುತ್ತದೆ. ಲೇಸರ್‌ನಲ್ಲಿ ಕೊರೆದ ಅಕ್ಷರ ಬಾಳುತ್ತದೆ, ಉಗುರಿನಿಂದ ಕೆರೆದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬರೀ ಅಚ್ಚು ಇದ್ದರೆ ಕೊಂಡ ದಿನವೇ ಆ ಜಾಗದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಅಳಿಸಿಹೋದ ಮೇಲೆ ನೀವೇ ಪೆನ್ನಿನಲ್ಲಿ ಬರೆದರೆ ಯಾರೂ ಒಪ್ಪುವುದಿಲ್ಲ. ಚೀನಾದ ಒಳಗಿನ ವಿಮಾನಗಳಲ್ಲಂತೂ 2025ರ ಜೂನ್ 28ರಿಂದ 3ಸಿ ಅನ್ನುವ ಅಲ್ಲಿನ ಪ್ರಮಾಣಪತ್ರದ ಗುರುತು ಸ್ಪಷ್ಟವಾಗಿ ಕಾಣದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ವ್ಯಾಪಾರಕ್ಕೆ ಗುವಾಂಗ್‌ಝೌ, ಶೆನ್‌ಝೆನ್ ಕಡೆ ಓಡಾಡುವವರು ಇಲ್ಲಿ ಕೊಂಡದ್ದನ್ನು ಅಲ್ಲಿ ಊರಿಂದೂರಿಗೆ ಹಾರುವಾಗ ಕಳೆದುಕೊಳ್ಳುವ ಸಂಭವ ಹೆಚ್ಚು.

ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ

ಇಲ್ಲಿ ಒಳ್ಳೆಯದೂ ಸಿಗುತ್ತದೆ, ಖೋಟಾ ಮಾಲೂ ಸಿಗುತ್ತದೆ, ಕೆಲವೊಮ್ಮೆ ಎರಡೂ ಒಂದೇ ಕಪಾಟಿನಲ್ಲಿ. ಗುರುತಿಸಲು ಸುಲಭದ ಉಪಾಯ ತೂಕ. ಲಿಥಿಯಂ-ಅಯಾನ್ ಸೆಲ್ ಕೆಜಿಗೆ ಸುಮಾರು 250 ವ್ಯಾಟ್-ಅವರ್ ಹಿಡಿದಿಡುತ್ತದೆ ಅಂತ ಇಟ್ಟುಕೊಂಡರೂ 74 ವ್ಯಾಟ್-ಅವರ್‌ಗೆ ಸೆಲ್ಲುಗಳೇ 300 ಗ್ರಾಂ ತೂಗಬೇಕು. ಮೇಲೆ ಕವಚ, ಸರ್ಕ್ಯೂಟ್. ಹಾಗಾಗಿ '20,000' ಅಂತ ಬರೆದ ಪವರ್ ಬ್ಯಾಂಕ್ 220 ಗ್ರಾಂ ತೂಗಿದರೆ ಒಳಗಿರುವುದು 10,000ದ್ದೇ, ಅಥವಾ ಅದಕ್ಕೂ ಕಡಿಮೆ. ಅಂಗಡಿಯಲ್ಲಿ ಕಂಪನಿಯ ಅಸಲಿ 20,000ದ್ದು ಒಂದನ್ನು ಇನ್ನೊಂದು ಕೈಲಿ ಹಿಡಿದರೆ ತಕ್ಕಡಿಯೇ ಬೇಡ.

ಎರಡನೆಯದು ಬಿಐಎಸ್ ಕೇರ್ ಆ್ಯಪ್. ಫೋನಿನಲ್ಲಿ ಅದನ್ನು ತೆರೆದು ಹಿಂಬದಿಯ ಆರ್ ಸಂಖ್ಯೆ ಹಾಕಿ. ತಯಾರಕರ ಹೆಸರು, ಬ್ರ್ಯಾಂಡ್ ಬಂದು ಡಬ್ಬಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ಸಂಖ್ಯೆಯೇ ಇಲ್ಲ, ಅಥವಾ ಬೇರೆ ಯಾವುದೋ ಸಾಮಾನಿನದು ತೋರಿಸುತ್ತಿದೆ ಅಂದರೆ ಅಲ್ಲಿಂದ ಹೊರಡಿ. ಭಾರತದಲ್ಲಿ ಪವರ್ ಬ್ಯಾಂಕಿಗೆ ಈ ನೋಂದಣಿ ಕಡ್ಡಾಯ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಬಿಲ್‌ನಲ್ಲಿ ಮಾಡೆಲ್ ಸಂಖ್ಯೆ ಬರೆಸಿ. ವಾಪಸ್ ಕರೆಸುವ ಪ್ರಕಟಣೆ ಬಂದರೆ ಅದೇ ಆಧಾರ. 2025ರ ಜೂನ್‌ನಲ್ಲಿ ಆ್ಯಂಕರ್ ಕಂಪನಿ ಅಮೆರಿಕದಲ್ಲಿ ಎ1263 ಮಾಡೆಲಿನ 10,000ದ ಪವರ್ ಬ್ಯಾಂಕುಗಳನ್ನು ಹತ್ತು ಲಕ್ಷಕ್ಕೂ ಮೇಲ್ಪಟ್ಟು ವಾಪಸ್ ಕರೆಸಿತು, ಬೆಂಕಿಯ ಅಪಾಯ ಇದೆ ಅಂತ. ಹೆಸರಾಂತ ಕಂಪನಿಯದೂ ಹೀಗಾಗುತ್ತದೆ. ವಾಪಸ್ ಕರೆಸಿದ ಮಾಡೆಲ್ ವಿಮಾನದಲ್ಲಿ ನಿಷಿದ್ಧ. ವಿದೇಶದಿಂದ ನೆಂಟರು ತಂದುಕೊಟ್ಟದ್ದಿದ್ದರೆ ಮಾಡೆಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ.

ಹಳೇ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ, ಖಾಲಿ ಕವಚಕ್ಕೆ ತುಂಬಿ ಕೊಡುವ 'ಅಸೆಂಬಲ್' ಪವರ್ ಬ್ಯಾಂಕ್ ಕೂಡ ಇಲ್ಲಿ ಅಗ್ಗದಲ್ಲಿ ಸಿಗುತ್ತದೆ. ಮುಟ್ಟಬೇಡಿ. ಒಂದು ಸೆಲ್ ಹೊಸದು, ಇನ್ನೊಂದು ಸವೆದದ್ದು ಆಗಿದ್ದರೆ ಭಾರ ಸಮನಾಗಿ ಹಂಚಿಕೆಯಾಗದೆ ಒಂದು ಸೆಲ್ ಹೆಚ್ಚು ಕಾಯುತ್ತದೆ.

ಚೆಕ್-ಇನ್‌ನಲ್ಲಿ ಯಾಕೆ ಬೇಡ

ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಸಾಮಾನಿನಲ್ಲೇ ಇರಬೇಕು. ಕಾರಣ ಇದು: ಸೆಲ್ಲಿನೊಳಗೆ ಧನ, ಋಣ ಎಂಬ ಎರಡು ಪದರಗಳ ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಿದ್ದು ಜಜ್ಜಿದರೆ, ಅತಿಯಾಗಿ ಚಾರ್ಜ್ ಆದರೆ, ತಯಾರಿಕೆಯಲ್ಲಿ ಲೋಹದ ಕಣ ಸೇರಿದ್ದರೆ ಆ ಹಾಳೆ ಹರಿದು ಒಳಗೇ ಶಾರ್ಟ್ ಆಗುತ್ತದೆ. ಬಿಸಿಗೆ ಒಳಗಿನ ವಸ್ತುಗಳು ವಿಘಟಿಸಿ ಇನ್ನಷ್ಟು ಬಿಸಿ ಹುಟ್ಟಿಸುತ್ತವೆ, ಉರಿಯುವ ಅನಿಲ ಬಿಡುತ್ತವೆ, ಧನ ಪದರ ಒಡೆದು ಆಮ್ಲಜನಕವನ್ನೂ ಕೊಡುತ್ತದೆ. ಪಕ್ಕದ ಸೆಲ್ ಅದೇ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ಇದನ್ನು ಥರ್ಮಲ್ ರನ್‌ಅವೇ ಅನ್ನುತ್ತಾರೆ. ವಿಮಾನದ ಹೊಟ್ಟೆಯಲ್ಲಿ ಬೆಂಕಿ ಆರಿಸಲು ಇರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ತಗ್ಗಿಸಬಲ್ಲದು, ಆದರೆ ಸೆಲ್ಲನ್ನು ತಣಿಸಲಾರದು. ತಣಿಸುವುದಕ್ಕೆ ನೀರೇ ಬೇಕು, ನೀರು ಸುರಿಯಲು ಮನುಷ್ಯರು ಹತ್ತಿರ ಇರಬೇಕು. ಕ್ಯಾಬಿನ್‌ನಲ್ಲಿ ಮಾತ್ರ ಅದು ಸಾಧ್ಯ.

2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ ಸಂಸ್ಥೆಯ 747 ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ ವಿಮಾನ ನೆಲಕ್ಕೆ ಬಿತ್ತು, ಇಬ್ಬರು ಪೈಲಟ್‌ಗಳೂ ತೀರಿಕೊಂಡರು. 2016ರ ಏಪ್ರಿಲ್ 1ರಿಂದ ಪ್ರಯಾಣಿಕ ವಿಮಾನದ ಸರಕಿನಲ್ಲಿ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿ ಸಾಗಿಸುವುದನ್ನೇ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒ ನಿಲ್ಲಿಸಿತು. ಸೂಟ್‌ಕೇಸಿನ ತಳದಲ್ಲಿ ಸೀರೆ ನಡುವೆ ಸುತ್ತಿಟ್ಟ ಪವರ್ ಬ್ಯಾಂಕ್ ಎಷ್ಟು ಭದ್ರವಾಗಿ ಕಂಡರೂ ಅದು ಯಾರ ಕೈಗೂ ಎಟುಕದ ಜಾಗ.

ಕೆಂಪೇಗೌಡ ನಿಲ್ದಾಣದಲ್ಲಿ ನೀವೇ ಬ್ಯಾಗ್ ಹಾಕುವ ಯಂತ್ರದ ಪರದೆ ಮೇಲೆ ಅಪಾಯಕಾರಿ ವಸ್ತುಗಳ ಚಿತ್ರ ಬಂದಾಗ ಓದದೆ ಒತ್ತಿ ಮುಂದೆ ಹೋಗುವುದು ರೂಢಿಯಾಗಿದೆ. ಬ್ಯಾಗ್ ಬೆಲ್ಟ್ ಮೇಲೆ ಹೋದ ನಂತರ ಒಳಗೆ ಎಕ್ಸ್‌ರೇ ಆಗುತ್ತದೆ. ಬ್ಯಾಟರಿ ಕಂಡರೆ ಬ್ಯಾಗ್ ಪಕ್ಕಕ್ಕೆ ಸರಿಯುತ್ತದೆ, ಪ್ರಯಾಣಿಕರನ್ನು ಕರೆಸಿ ಬೀಗ ತೆಗೆಸುತ್ತಾರೆ. ಅಷ್ಟು ಹೊತ್ತಿಗೆ ನೀವು ಸೆಕ್ಯುರಿಟಿ ದಾಟಿ ಗೇಟಿನ ಹತ್ತಿರ ಇದ್ದರೆ, ಕರೆ ಕೇಳಿಸದಿದ್ದರೆ, ವಿಮಾನ ನಿಮ್ಮನ್ನು ಹೊತ್ತು ಹೋಗುತ್ತದೆ, ಬ್ಯಾಗ್ ಬೆಂಗಳೂರಿನಲ್ಲೇ ಉಳಿಯುತ್ತದೆ. ಮಜೆಸ್ಟಿಕ್‌ನಿಂದ ವಾಯುವಜ್ರ ಹತ್ತುವ ಮೊದಲೇ, ಮನೆಯಲ್ಲೇ, ಸೂಟ್‌ಕೇಸಿನ ಹೊರಜೇಬು, ಶೇವಿಂಗ್ ಕಿಟ್, ಮಕ್ಕಳ ಬ್ಯಾಗ್ ಮೂರನ್ನೂ ತಡಕಿ. ಮರೆತ ಪವರ್ ಬ್ಯಾಂಕ್ ಸಿಗುವುದು ಅಲ್ಲೇ.

ಇನ್ನೊಂದು ಜಾಗದಲ್ಲಿ ಎಚ್ಚರ ತಪ್ಪುತ್ತದೆ. ಶಿವಮೊಗ್ಗದಂಥ ಊರಿಗೆ ಹೋಗುವ ಎಟಿಆರ್ ವಿಮಾನಗಳಲ್ಲಿ ತಲೆ ಮೇಲಿನ ಲಗೇಜ್ ಖಾನೆ ಚಿಕ್ಕದು. ಚಕ್ರದ ಟ್ರಾಲಿ ಹಿಡಿಸದೆ ಮೆಟ್ಟಿಲ ಬಳಿಯೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ದೊಡ್ಡ ವಿಮಾನದಲ್ಲೂ ಜನ ತುಂಬಿದ್ದರೆ ಹೀಗಾಗುತ್ತದೆ. ಆ ಕ್ಷಣದಲ್ಲಿ ನಿಮ್ಮ ಕ್ಯಾಬಿನ್ ಬ್ಯಾಗ್ ಚೆಕ್-ಇನ್ ಬ್ಯಾಗ್ ಆಯಿತು. ಕೊಡುವ ಮುಂಚೆ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಹೊರಗೆ ತೆಗೆಯಲೇಬೇಕು. ಹಿಂದೆ ಸಾಲು ಕಾಯುತ್ತಿರುವಾಗ ಟ್ರಾಲಿ ತಳ ಬಗೆಯುವ ಪಾಡು ಬೇಡವೆಂದರೆ ಇವೆಲ್ಲವನ್ನೂ ಜಿಪ್ ಇರುವ ಒಂದು ಪುಟ್ಟ ಚೀಲದಲ್ಲಿ ಹಾಕಿ ಮೇಲ್ಗಡೆಯೇ ಇಡಿ, ಒಂದೇ ಎಳೆತಕ್ಕೆ ಬರುವ ಹಾಗೆ.

ಒಳಗೆ ಕೂತ ಮೇಲೆ

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನದ ಲಗೇಜ್ ಖಾನೆಯಲ್ಲಿ ಬೆಂಕಿ ಎದ್ದು ವಿಮಾನದ ಮೇಲ್ಭಾಗ ಸುಟ್ಟುಹೋಯಿತು. ಪವರ್ ಬ್ಯಾಂಕ್ ಮೇಲೆ ಅನುಮಾನ ಬಿತ್ತು. ಎಲ್ಲರೂ ಹೊರಬಂದರು ಅನ್ನುವುದು ಪುಣ್ಯ. ಕೊರಿಯಾ ಮಾರ್ಚ್ 1ರಿಂದ ಖಾನೆಯಲ್ಲಿ ಪವರ್ ಬ್ಯಾಂಕ್ ಇಡುವುದನ್ನು ನಿಲ್ಲಿಸಿತು. ಏಪ್ರಿಲ್ 1ರಿಂದ ಸಿಂಗಪುರ ಏರ್‌ಲೈನ್ಸ್ ಮತ್ತು ಸ್ಕೂಟ್, ಏಪ್ರಿಲ್ 7ರಿಂದ ಹಾಂಗ್‌ಕಾಂಗ್ ಏರ್‌ಲೈನುಗಳು ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆ ನಿಲ್ಲಿಸಿದವು. ಎಮಿರೇಟ್ಸ್ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ, ಅದೂ 100 ವ್ಯಾಟ್-ಅವರ್ ಒಳಗಿನದು, ಬಳಸುವಂತಿಲ್ಲ ಅಂತ ಮಾಡಿತು. ಬೆಂಗಳೂರಿನಿಂದ ದುಬೈ ಮೇಲೆ ಯುರೋಪಿಗೋ ಅಮೆರಿಕಕ್ಕೋ ಹೋಗುವವರು ಎರಡು ಇಟ್ಟುಕೊಂಡಿದ್ದರೆ ಒಂದನ್ನು ಮನೆಯಲ್ಲೇ ಬಿಡಿ.

ಅದೇ ವರ್ಷ ಅಕ್ಟೋಬರ್ 19ರಂದು ದಿಲ್ಲಿಯಿಂದ ದಿಮಾಪುರಕ್ಕೆ ಹೊರಟ ವಿಮಾನ ರನ್‌ವೇ ಕಡೆ ಸಾಗುತ್ತಿದ್ದಾಗ ಸೀಟಿನ ಜೇಬಿನಲ್ಲಿದ್ದ ಪವರ್ ಬ್ಯಾಂಕ್ ಹೊತ್ತಿಕೊಂಡಿತು. ಸಿಬ್ಬಂದಿ ಕೂಡಲೇ ಆರಿಸಿದರು. ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದುದೇ ಇಲ್ಲಿ ಉಳಿಸಿದ್ದು. ಇದಾದ ಮೇಲೆ ನವೆಂಬರ್‌ನಲ್ಲಿ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಏರ್‌ಲೈನುಗಳಿಗೆ ಸುತ್ತೋಲೆ ಕಳಿಸಿತು: ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೈಸಾಮಾನಿನಲ್ಲೇ ಇರಬೇಕು, ತಲೆ ಮೇಲಿನ ಖಾನೆಯಲ್ಲಿ ಇಡಬಾರದು, ಹಾರಾಟದಲ್ಲಿ ಅವುಗಳಿಂದ ಚಾರ್ಜ್ ಮಾಡಬಾರದು. ಹಾಗಾದರೆ ಎಲ್ಲಿಡುವುದು? ಮುಂದಿನ ಸೀಟಿನ ಕೆಳಗಿನ ಚೀಲದಲ್ಲಿ, ಮೇಲ್ಗಡೆ, ಕೇಬಲ್ ಕಿತ್ತು. ಗುಂಡಿ ಇರುವ ಮಾಡೆಲ್ ಆದರೆ ಆಫ್ ಮಾಡಿ. ಫೋನನ್ನು ನಿಲ್ದಾಣದಲ್ಲೇ ತುಂಬಿಸಿಕೊಳ್ಳಿ.

ಪವರ್ ಬ್ಯಾಂಕ್ ಅಥವಾ ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಬೇಡಿ. ಸೀಟಿನ ಲೋಹದ ತೋಳಿಗೆ ಸಿಕ್ಕಿ ಜಜ್ಜಿದರೆ ಅಲ್ಲೇ ಹೊತ್ತಿಕೊಳ್ಳಬಹುದು. ಗುಂಡಿ ಒತ್ತಿ ಗಗನಸಖಿಯನ್ನು ಕರೆಯಿರಿ. ಬಿಸಿಯಾದರೆ, ಸಿಹಿಯಾದ ಅಥವಾ ನೇಲ್ ಪಾಲಿಶ್ ತರಹದ ವಾಸನೆ ಬಂದರೆ, ಉಬ್ಬಿದರೆ ಆಗಲೂ ತಡಮಾಡದೆ ಕರೆಯಿರಿ.

ಕ್ಯಾಮೆರಾ, ಡ್ರೋನ್ ಒಯ್ಯುವವರಿಗೆ

ಮದುವೆ ಶೂಟಿಂಗಿಗೆ ಉದಯಪುರ, ಗೋವಾ ಅಂತ ಓಡಾಡುವ ನಮ್ಮ ಊರಿನ ತಂಡಗಳಿಗೆ ಕ್ಯಾಮೆರಾ ಬ್ಯಾಟರಿಯ ಅಳತೆ ಚಿಂತೆಯಲ್ಲ. ಸೋನಿ ಎನ್‌ಪಿ-ಎಫ್‌ಝಡ್100 ಬರೀ 16.4 ವ್ಯಾಟ್-ಅವರ್. ಚಿಂತೆ ಇರುವುದು ದೊಡ್ಡ ವಿಡಿಯೊ ಕ್ಯಾಮೆರಾ, ಲೈಟುಗಳಿಗೆ ಹಾಕುವ ವಿ-ಮೌಂಟ್ ಬ್ಯಾಟರಿಯಲ್ಲಿ. ಬಾಡಿಗೆಗೆ ತರುವಾಗ 98 ವ್ಯಾಟ್-ಅವರ್‌ನದ್ದನ್ನೇ ಕೇಳಿ. 150ರದ್ದಾದರೆ ಒಪ್ಪಿಗೆ ಬೇಕು, ಒಬ್ಬರಿಗೆ ಎರಡೇ. ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದು ಮುದ್ರಿಸಿ ಇಟ್ಟುಕೊಳ್ಳಿ. ಕಾಲ್ ಸೆಂಟರಿನವರು ಫೋನಿನಲ್ಲಿ 'ಆಗುತ್ತೆ ಸಾರ್' ಅಂದದ್ದಕ್ಕೆ ಕೌಂಟರ್‌ನಲ್ಲಿ ಬೆಲೆಯಿಲ್ಲ. 16 ಇಂಚಿನ ಮ್ಯಾಕ್‌ಬುಕ್ ಪ್ರೊ 99.6 ವ್ಯಾಟ್-ಅವರ್‌ಗೆ ನಿಂತಿರುವುದು ಇದೇ 100ರ ಗೆರೆಯ ಕೆಳಗೆ.

ಬಿಡಿ ಬ್ಯಾಟರಿ ಕಟ್ಟುವ ಕೆಲಸವನ್ನು ಕೈಯಾರೆ ಸರಿಯಾಗಿ ಮಾಡಬೇಕು. ಡ್ರೋನ್ ಬ್ಯಾಟರಿಯ ತುದಿಯಲ್ಲಿ ಹಿತ್ತಾಳೆ ಬಣ್ಣದ ತೆಳು ಹಲ್ಲುಗಳು ಸಾಲಾಗಿ ಕಾಣುತ್ತವೆ. ಒಂದು ಬೀಗದ ಕೈ ಅವುಗಳಿಗೆ ಅಡ್ಡ ಬಿದ್ದರೆ ಸಾಕು, ಶಾರ್ಟ್. ಕಂಪನಿ ಕೊಟ್ಟ ಮುಚ್ಚಳ ಇದ್ದರೆ ಹಾಕಿ. ಕಳೆದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಇನ್ಸುಲೇಶನ್ ಟೇಪನ್ನು ಎರಡು ಇಂಚು ಕತ್ತರಿಸಿ, ಅಂಟು ಹಲ್ಲಿಗೆ ತಾಗದಂತೆ ನಡುವೆ ದಪ್ಪ ಕಾಗದದ ಚೂರು ಇಟ್ಟು, ತುದಿಯನ್ನು ಸ್ವಲ್ಪ ಮಡಚಿ ಅಂಟಿಸಿ. ಮಡಚಿದ ತುದಿ ಹಿಡಿದೆಳೆದರೆ ಮತ್ತೆ ಸಲೀಸಾಗಿ ಬರುತ್ತದೆ. ಆಮೇಲೆ ಒಂದೊಂದಕ್ಕೆ ಒಂದೊಂದು ಜಿಪ್ ಕವರ್. ಪಾರದರ್ಶಕ ಕವರ್ ಆದರೆ ವ್ಯಾಟ್-ಅವರ್ ಬರಹ ಹೊರಗೆ ಕಾಣುವಂತೆ ಹಾಕಿ, ಸೆಕ್ಯುರಿಟಿಯಲ್ಲಿ ಬಿಚ್ಚುವ ಪ್ರಮೇಯ ಬರುವುದಿಲ್ಲ. ಚಾರ್ಜ್ ಮೂರನೇ ಒಂದು ಭಾಗಕ್ಕೆ ಇಳಿಸಿಕೊಂಡರೆ ಇನ್ನೂ ಒಳ್ಳೆಯದು, ಒಳಗೆ ಶಕ್ತಿ ಕಡಿಮೆ ಇದ್ದಷ್ಟೂ ಉರಿಯೂ ಕಡಿಮೆ.

ಬೆಂಕಿ ತಡೆಯುವ ಬೆಳ್ಳಿ ಬಣ್ಣದ ಚೀಲ ಎಸ್.ಪಿ. ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಕಿಡಿ, ಜ್ವಾಲೆ ಸ್ವಲ್ಪ ತಡೆದೀತು. ಶಾಖ, ಹೊಗೆ ತಡೆಯುವುದಿಲ್ಲ. ಅದು ಇದೆ ಅಂತ 160 ದಾಟಿದ್ದನ್ನು ಯಾರೂ ಬಿಡುವುದೂ ಇಲ್ಲ. ಡ್ರೋನ್ ಬ್ಯಾಟರಿ ಒಯ್ಯುವವರಿಗೆ ಬೇಕೆನಿಸಿದರೆ ಸರಿ, ಪವರ್ ಬ್ಯಾಂಕ್ ಒಂದಕ್ಕೆ ದುಡ್ಡು ಹಾಕಬೇಡಿ.

ಟ್ರಿಮ್ಮರ್, ಎಲೆಕ್ಟ್ರಿಕ್ ಬ್ರಷ್, ಬ್ಲೂಟೂತ್ ಸ್ಪೀಕರ್ ಇವುಗಳ ಒಳಗೇ ಬ್ಯಾಟರಿ ಇರುವುದರಿಂದ ಪೂರ್ತಿ ಆಫ್ ಮಾಡಿ, ಗುಂಡಿ ಒತ್ತಿಕೊಳ್ಳದ ಹಾಗೆ ಸುತ್ತಿ ಚೆಕ್-ಇನ್‌ನಲ್ಲಿ ಹಾಕಬಹುದು. ಕೈಲಿರುವುದು ಇನ್ನೂ ಮೇಲು. ಬ್ಯಾಗ್ ಹುಡುಕುವ ಟ್ಯಾಗ್‌ನ ಬಟನ್ ಸೆಲ್ ಅಡ್ಡಿಯಿಲ್ಲ. ಚಾರ್ಜಿಂಗ್ ಪೋರ್ಟ್ ಇರುವ 'ಸ್ಮಾರ್ಟ್' ಸೂಟ್‌ಕೇಸ್ ಕೊಳ್ಳುವುದಾದರೆ ಬ್ಯಾಟರಿ ಬಿಚ್ಚಲು ಬರುತ್ತದೆಯೇ ನೋಡಿ, ಬಾರದಿದ್ದರೆ ಅದು ವಿಮಾನಕ್ಕಲ್ಲ. ಎಲೆಕ್ಟ್ರಿಕ್ ಸೈಕಲ್ಲಿನ 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ 360 ವ್ಯಾಟ್-ಅವರ್. ಊರಿಗೆ ರಸ್ತೆ ಮೂಲಕ ಕಳಿಸಿ. ಇ-ಸಿಗರೇಟ್ 2019ರಿಂದ ದೇಶದಲ್ಲೇ ನಿಷೇಧ, ಇಟ್ಟುಕೊಳ್ಳುವ ಮಾತೇ ಇಲ್ಲ.

ಮನೆಯಲ್ಲಿರುವ ಹಳೇ ಪವರ್ ಬ್ಯಾಂಕನ್ನು ಹೊರಡುವ ಹಿಂದಿನ ದಿನ ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ಒಂದು ಮೂಲೆ ಒತ್ತಿ ನೋಡಿ. ತೊಟ್ಟಿಲಿನ ಹಾಗೆ ತೂಗಾಡಿದರೆ, ಕವಚದ ಜೋಡಣೆ ಬಾಯಿ ಬಿಟ್ಟಿದ್ದರೆ ಒಳಗೆ ಅನಿಲ ತುಂಬಿ ಉಬ್ಬಿದೆ. ಅದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಒಣಕಸದ ಬುಟ್ಟಿಗೂ ಹಾಕಬೇಡಿ. ಕಸದ ಲಾರಿಯ ಒತ್ತುವ ಯಂತ್ರದಲ್ಲಿ ಹೊತ್ತಿಕೊಂಡರೆ ಪೌರಕಾರ್ಮಿಕರ ಕೈಮುಖ ಸುಡುತ್ತದೆ. ಬಳಸಿದ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ತಯಾರಕರ ಮೇಲೆ ಹಾಕಿದೆ. ಕಂಪನಿಯ ಸರ್ವಿಸ್ ಸೆಂಟರಿಗೋ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೋ ಕೊಡುವ ತನಕ ಮಣ್ಣಿನ ಕುಂಡದಲ್ಲೋ ಮರಳು ತುಂಬಿದ ಕಬ್ಬಿಣದ ಡಬ್ಬದಲ್ಲೋ, ಮನೆಯ ಹೊರಗೆ, ಮಕ್ಕಳ ಕೈಗೆ ಸಿಗದಂತೆ ಇಡಿ.